ಬೀಗ ಬಿದ್ದ ಕಾರ್ಖಾನೆಗೆ ಕಲಾವಿದರು ಕಾಲಿಡುವ ಮುನ್ನ

ಯಂತ್ರಗಳ ಸದ್ದು ನಿಂತ ಕಾರ್ಖಾನೆ ಬಹುಬೇಗ ಹಾಳಾಗುತ್ತದೆ. ಮೊದಲು ಕಿಟಕಿಯ ಗಾಜು ಒಡೆಯುತ್ತದೆ. ಆ ಕಿಂಡಿಯಿಂದ ಮಳೆ ಒಳಗೆ ಬರುತ್ತದೆ, ತಾಮ್ರದ ತಂತಿಗಳು ಹೊರಗೆ ಹೋಗುತ್ತವೆ. ಪಾಳಿ ಬದಲಾಗುವ ಹೊತ್ತಿಗೆ ಗಿಜಿಗುಡುತ್ತಿದ್ದ ಎದುರುಸಾಲಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಊರು ಬಿಡುತ್ತಾರೆ. ಉಳಿದವರು ಆ ಗೇಟನ್ನು ಹಾದುಹೋಗುವಾಗ ಮುಖ ತಿರುಗಿಸುತ್ತಾರೆ.

ಇಂಥ ಕಟ್ಟಡಗಳನ್ನು ಕಲಾವಿದರು ಹುಡುಕಿಕೊಂಡು ಬರುವುದಕ್ಕೆ ಕಾರಣಗಳು ಸರಳ. ಬಾಡಿಗೆ ಕಡಿಮೆ, ಛಾವಣಿ ಎತ್ತರ, ಬೆಳಕು ಧಾರಾಳ. ನೆಲಕ್ಕೆ ಬಣ್ಣ ಚೆಲ್ಲಿದರೂ ರಾತ್ರಿ ಸುತ್ತಿಗೆ ಬಡಿದರೂ ಕೇಳುವವರಿಲ್ಲ. 1960ರ ದಶಕದಲ್ಲಿ ನ್ಯೂಯಾರ್ಕಿನ ಸೋಹೊ ಬಡಾವಣೆಯ ಖಾಲಿ ಕಾರ್ಖಾನೆಗಳಿಗೆ ಚಿತ್ರಕಾರರು, ಶಿಲ್ಪಿಗಳು ಬಂದು ಸೇರಿಕೊಂಡರು. 1968ರಲ್ಲಿ ಲಂಡನ್ನಿನಲ್ಲಿ ಬ್ರಿಜೆಟ್ ರೈಲಿ ಮತ್ತು ಪೀಟರ್ ಸೆಜ್ಲಿ ಸೇರಿ ಸೇಂಟ್ ಕ್ಯಾಥರೀನ್ ಡಾಕ್ಸ್‌ನ ಹಳೆಯ ಗೋದಾಮುಗಳನ್ನು ಕಲಾವಿದರ ಕೆಲಸದ ಜಾಗಗಳಾಗಿ ಮಾಡಿದರು. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1884ರಲ್ಲಿ ಶುರುವಾದ ಬೃಹತ್ ಹತ್ತಿ ಗಿರಣಿ 1990ರ ದಶಕದಲ್ಲಿ ನೂಲುವುದನ್ನು ನಿಲ್ಲಿಸಿತು. ಇಂದು ಅದರ ಕೆಂಪು ಇಟ್ಟಿಗೆಯ ಗೋಡೆಗಳೊಳಗೆ ಸುಮಾರು ನೂರು ಕಲಾವಿದರ ಸ್ಟುಡಿಯೊಗಳಿವೆ.

ಆದರೆ ಹೀಗೆ ಬಂದವರೆಲ್ಲ ಬಂದಲ್ಲೇ ಉಳಿಯಲಿಲ್ಲ. ಸೋಹೊದಲ್ಲಿ ಬಣ್ಣದ ಡಬ್ಬಿಗಳಿದ್ದ ಅಂತಸ್ತುಗಳಿಗೆ ಕೆಲವೇ ದಶಕಗಳಲ್ಲಿ ದುಬಾರಿ ಅಂಗಡಿಗಳೂ ಅದಕ್ಕಿಂತ ದುಬಾರಿಯಾದ ಮನೆಗಳೂ ಬಂದವು. ಬೀದಿಗೆ ಬೆಲೆ ತಂದುಕೊಟ್ಟ ಬಹಳ ಮಂದಿ ಆ ಬೆಲೆಯನ್ನು ತೆರಲಾರದೆ ಜಾಗ ಬಿಟ್ಟರು. ಆದ್ದರಿಂದ ಹಳೆಯ ಕಟ್ಟಡಕ್ಕೆ ಜೀವ ತುಂಬುವುದು ಹೇಗೆ ಎಂಬುದರ ಜೊತೆಗೇ, ತುಂಬಿದ ಮೇಲೆ ಅಲ್ಲೇ ಉಳಿಯುವುದು ಹೇಗೆ ಎಂಬುದನ್ನೂ ಈ ಲೇಖನದಲ್ಲಿ ಹೇಳುತ್ತೇನೆ. ನನ್ನ ಖಚಿತ ಅಭಿಪ್ರಾಯದಲ್ಲಿ ಎರಡನೆಯದು ಮೊದಲ ಕುಂಚ ಎತ್ತುವ ಮುನ್ನವೇ ತೀರ್ಮಾನವಾಗಬೇಕಾದ ಸಂಗತಿ.

ಹೆಜ್ಜೆ 1: ಗೇಟಿನ ಹೊರಗಿನವರೊಡನೆ ಮಾತನಾಡಿ

ಕಟ್ಟಡ ಖಾಲಿಯಿರಬಹುದು, ಅದರ ಸುತ್ತಲಿನ ಬದುಕು ಖಾಲಿಯಿಲ್ಲ. ಅಲ್ಲಿ ಮೂವತ್ತು ವರ್ಷ ದುಡಿದವರು ಪಕ್ಕದ ಬೀದಿಯಲ್ಲೇ ಇರುತ್ತಾರೆ. ಯಾವ ಛಾವಣಿ ಯಾವ ಮಳೆಗಾಲದಲ್ಲಿ ಸೋರಿತು, ನೆಲದಡಿ ಕೊಳವೆಗಳು ಎಲ್ಲಿ ಹಾದಿವೆ, ಯಾವ ಕೋಣೆಯಲ್ಲಿ ಆಮ್ಲದ ತೊಟ್ಟಿ ಇತ್ತು ಎಂಬುದೆಲ್ಲ ಅವರಿಗೆ ಗೊತ್ತು. ಈ ಮಾಹಿತಿ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಮೊದಲ ಎರಡು ತಿಂಗಳು ಇದಕ್ಕೇ ಮೀಸಲಿಡಿ. ಹಳೆಯ ಕಾರ್ಮಿಕರು, ಅಂಗಡಿಯವರು, ಶಾಲೆಯ ಶಿಕ್ಷಕರು, ರಾತ್ರಿ ಆ ದಾರಿಯಲ್ಲಿ ಒಂಟಿಯಾಗಿ ನಡೆದುಹೋಗುವ ಹೆಂಗಸರು, ಆಡಲು ಜಾಗವಿಲ್ಲದ ಮಕ್ಕಳು, ಹೀಗೆ ಬೇರೆ ಬೇರೆ ಜನರನ್ನು ಕೇಳಿ. ‘ನಾವು ಇಲ್ಲಿ ಕಲಾಕೇಂದ್ರ ಮಾಡುತ್ತಿದ್ದೇವೆ, ನಿಮ್ಮ ಅಭಿಪ್ರಾಯವೇನು’ ಎಂದು ಕೇಳಿದರೆ ಮರ್ಯಾದೆಗೆ ಎಲ್ಲರೂ ಒಳ್ಳೆಯದು ಎನ್ನುತ್ತಾರೆ. ‘ಈ ಬೀದಿಯಲ್ಲಿ ನಿಮಗೆ ಏನು ಸಿಗುತ್ತಿಲ್ಲ’ ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಿ. ನಿಮ್ಮ ಯೋಜನೆಯನ್ನು ಅಲ್ಲಿಯವರೆಗೆ ಕಾಗದಕ್ಕೆ ಇಳಿಸಲೇಬೇಡಿ.

ಅಮೆರಿಕದ ಹ್ಯೂಸ್ಟನ್ ನಗರದ ಕಲಾವಿದ ರಿಕ್ ಲೋ ಅವರಿಗೆ ದಿಕ್ಕು ತೋರಿಸಿದ್ದು ಒಬ್ಬ ಶಾಲಾ ಹುಡುಗ. ಬಡ ಬಡಾವಣೆಗಳ ಸಂಕಷ್ಟವನ್ನು ಅವರು ಚಿತ್ರಿಸುತ್ತಿದ್ದ ಕಾಲವದು. ನಮ್ಮ ಕಷ್ಟ ನಮಗೇ ಗೊತ್ತಿದೆ, ಸೃಜನಶೀಲರಾದ ನೀವು ಪರಿಹಾರವನ್ನೇ ಏಕೆ ಸೃಷ್ಟಿಸಬಾರದು ಎಂಬ ಅರ್ಥದಲ್ಲಿ ಆ ಹುಡುಗ ಕೇಳಿದ್ದನ್ನು ಲೋ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. 1993ರಲ್ಲಿ ಅವರೂ ಇತರ ಆರು ಕಲಾವಿದರೂ ಸೇರಿ, ಕೆಡವಲಿದ್ದ 22 ಸಾಲುಮನೆಗಳನ್ನು ಉಳಿಸಿಕೊಂಡು ‘ಪ್ರಾಜೆಕ್ಟ್ ರೋ ಹೌಸಸ್’ ಕಟ್ಟಿದರು. ಕೆಲವು ಮನೆಗಳು ಕಲಾಕೃತಿಗಳಿಗೆ ಮೀಸಲಾದವು. ಇನ್ನು ಕೆಲವು, ಓದು ಮುಂದುವರಿಸಬೇಕಿದ್ದ ಒಂಟಿ ತಾಯಂದಿರಿಗೆ ಮತ್ತು ಅವರ ಮಕ್ಕಳಿಗೆ ವಾಸದ ಮನೆಗಳಾದವು. ಕೇಳಿಸಿಕೊಂಡದ್ದರ ಫಲ ಯೋಜನೆಯ ರೂಪದಲ್ಲೇ ಕಾಣುವುದು ಎಂದರೆ ಹೀಗೆ.

ಹೆಜ್ಜೆ 2: ಕಟ್ಟಡವನ್ನು ಓದಿಕೊಳ್ಳಿ

ಹಗಲಿನ ಮೂರು ಹೊತ್ತಿನಲ್ಲಿ ಕಟ್ಟಡದೊಳಗೆ ನಡೆಯಿರಿ. ಒಮ್ಮೆ ಜೋರು ಮಳೆಯಲ್ಲೂ ಹೋಗಿ. ಗರಗಸದ ಹಲ್ಲಿನಂಥ ಛಾವಣಿಯಿದ್ದರೆ ನಿಮ್ಮದು ಅದೃಷ್ಟ. ಉತ್ತರ ಗೋಳಾರ್ಧದಲ್ಲಿ ಅಂಥ ಛಾವಣಿಯ ಗಾಜಿನ ಬದಿ ಸಾಮಾನ್ಯವಾಗಿ ಉತ್ತರಕ್ಕಿರುತ್ತದೆ. ನೇಯುವವನ ಕಣ್ಣಿಗೆ ಬಿಸಿಲು ಹೊಡೆಯದೆ ದಿನವಿಡೀ ಒಂದೇ ಹದದ ಬೆಳಕು ಬೀಳಲಿ ಎಂದು ಹಾಗೆ ಕಟ್ಟುತ್ತಿದ್ದರು. ಚಿತ್ರಕಾರರಿಗೆ ಬೇಕಾದದ್ದೂ ಅದೇ ಬೆಳಕು.

ಯಂತ್ರ ಹೊತ್ತಿದ್ದ ನೆಲ ಏನನ್ನಾದರೂ ತಡೆಯುತ್ತದೆ ಎಂದುಕೊಳ್ಳಬೇಡಿ. ನೀರು ಕುಡಿದ ಮರದ ತೊಲೆ, ತುಕ್ಕು ಹಿಡಿದ ಕಬ್ಬಿಣದ ಆಧಾರ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತವೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಪ್ರತಿ ಅಂತಸ್ತಿನ ಭಾರ ಹೊರುವ ಮಿತಿಯನ್ನು ಬರೆಸಿಕೊಂಡು ಅದನ್ನು ಆಯಾ ಅಂತಸ್ತಿನ ಬಾಗಿಲಲ್ಲೇ ತೂಗುಹಾಕಿ. ಕಲ್ಲಿನ ಶಿಲ್ಪ, ಅಚ್ಚಿನ ಯಂತ್ರ, ಮಣ್ಣಿನ ಪಾತ್ರೆ ಸುಡುವ ಆವಿಗೆ ನೆಲಮಟ್ಟದಲ್ಲಿರಲಿ; ಚಿತ್ರ, ಹೊಲಿಗೆ, ಸಂಗೀತ ಮೇಲಿರಲಿ.

ಹೆಜ್ಜೆ 3: ಅಪಾಯಗಳನ್ನು ಪಟ್ಟಿ ಮಾಡಿ, ಪಟ್ಟಿ ಮುಗಿಯುವವರೆಗೆ ಯಾರನ್ನೂ ಕರೆಯಬೇಡಿ

ಇಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. 2016ರ ಡಿಸೆಂಬರ್ 2ರ ರಾತ್ರಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ‘ಘೋಸ್ಟ್ ಶಿಪ್’ ಎಂಬ ಗೋದಾಮಿಗೆ ಬೆಂಕಿ ಬಿತ್ತು. ಕಲಾವಿದರು ವಾಸವಿದ್ದು ಕೆಲಸ ಮಾಡುತ್ತಿದ್ದ ಜಾಗ ಅದು. ಅಂದು ಸಂಗೀತ ಕಾರ್ಯಕ್ರಮವಿತ್ತು. 36 ಜನ ಸತ್ತರು. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಮೇಲಂತಸ್ತಿನಿಂದ ಇಳಿಯಲು ಇದ್ದ ಎರಡು ಮೆಟ್ಟಿಲುಸಾಲುಗಳಲ್ಲಿ ಒಂದನ್ನು ಸರಕು ಸಾಗಿಸುವ ಮರದ ಹಲಗೆಗಳಿಂದ ಜೋಡಿಸಲಾಗಿತ್ತು. ಅಗ್ಗದ ಜಾಗ ಸಿಕ್ಕಿತೆಂಬ ಸಂತೋಷದಲ್ಲಿ ಯಾವುದನ್ನು ಮುಂದೂಡುತ್ತೇವೋ ಅದು ಎಂಥ ಬೆಲೆ ಕೇಳಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಾರ್ವಜನಿಕರು ಕಾಲಿಡುವ ಪ್ರತಿ ಅಂತಸ್ತಿನಿಂದಲೂ ಒಂದಕ್ಕೊಂದು ದೂರವಿರುವ ಎರಡು ಗಟ್ಟಿ ನಿರ್ಗಮನ ದಾರಿಗಳು ಬೇಕು. ಆ ದಾರಿಯಲ್ಲಿ ಒಂದು ಕ್ಯಾನ್ವಾಸನ್ನೂ ಒರಗಿಸಿಡುವಂತಿಲ್ಲ. ಹಳೆಯ ವಿದ್ಯುತ್ ತಂತಿಗಳನ್ನು ದುರಸ್ತಿ ಮಾಡುವ ಯೋಚನೆ ಬಿಟ್ಟು ಹೊಸದಾಗಿಯೇ ಎಳೆಸಿ. ಟರ್ಪೆಂಟೈನ್, ತಿನ್ನರ್, ಎಣ್ಣೆ ಒರೆಸಿದ ಬಟ್ಟೆಗಳನ್ನು ಮುಚ್ಚಳವಿರುವ ಲೋಹದ ಡಬ್ಬಿಗಳಲ್ಲಿಡಿ. ಅಗಸೆ ಎಣ್ಣೆ ಹೀರಿದ ಬಟ್ಟೆಯ ಗುಡ್ಡೆಗೆ ಕಿಡಿಯೇ ಬೇಡ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ.

ಕಟ್ಟಡದಲ್ಲಿ ಹಿಂದೆ ಏನು ತಯಾರಾಗುತ್ತಿತ್ತು ಎಂಬುದೇ ಯಾವ ವಿಷವನ್ನು ಹುಡುಕಬೇಕು ಎಂದು ಹೇಳಿಬಿಡುತ್ತದೆ. ಚರ್ಮ ಹದಮಾಡಿದ ಜಾಗದ ಮಣ್ಣಿನಲ್ಲಿ ಕ್ರೋಮಿಯಂ, ಲೋಹಕ್ಕೆ ಲೇಪ ಹಾಕಿದಲ್ಲಿ ಭಾರಲೋಹಗಳು, ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಪಿಸಿಬಿ ರಾಸಾಯನಿಕ ಇರಬಹುದು. ಛಾವಣಿಯ ಹಾಳೆ ಮತ್ತು ಕೊಳವೆಯ ಹೊದಿಕೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್), ಪದರು ಏಳುತ್ತಿರುವ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಪರೀಕ್ಷೆಯ ವರದಿ ಬರುವವರೆಗೆ ಅವನ್ನು ಕೊರೆಯಬೇಡಿ, ಉಜ್ಜಬೇಡಿ, ಗುಡಿಸಲೂ ಬೇಡಿ. ಉತ್ಸಾಹಿ ಸ್ವಯಂಸೇವಕರನ್ನು ಕರೆದು ಮಾಡುವ ‘ಸ್ವಚ್ಛತಾ ದಿನ’ ಇಂಥ ಕಡೆ ಎಲ್ಲರ ಶ್ವಾಸಕೋಶಕ್ಕೆ ಧೂಳು ಹಂಚುವ ದಿನವಾಗುತ್ತದೆ. ಅಂಗಳದಲ್ಲಿ ತರಕಾರಿ ಬೆಳೆಯುವ ಆಸೆಯಿದ್ದರೆ ಹೊರಗಿನ ಮಣ್ಣು ತುಂಬಿದ ಎತ್ತರದ ಪಾತಿಗಳಲ್ಲೇ ಬೆಳೆಯಿರಿ.

ಜನ ಅಲ್ಲಿಯೇ ವಾಸಿಸುತ್ತಾರೆ ಎಂದಾದರೆ ಅದನ್ನು ಮುಚ್ಚಿಡಬೇಡಿ. ಸೋಹೊದಲ್ಲಿ 1961ರಿಂದಲೇ ಕಟ್ಟಡಗಳ ಹೊರಗೋಡೆಗೆ ‘ಎ.ಐ.ಆರ್.’ ಎಂಬ ಪುಟ್ಟ ಫಲಕ ಹಾಕುತ್ತಿದ್ದರು. ಕಲಾವಿದರು ವಾಸವಿದ್ದಾರೆ ಎಂಬುದರ ಸೂಚನೆ ಅದು. ಯಾವ ಅಂತಸ್ತಿನಲ್ಲಿ ಎಂಬುದೂ ಅದರಲ್ಲಿರುತ್ತಿತ್ತು. ಬೆಂಕಿ ಬಿದ್ದಾಗ ಅಗ್ನಿಶಾಮಕರು ಎಲ್ಲಿ ಹುಡುಕಬೇಕು ಎಂದು ತಿಳಿಯಲಿ ಎಂಬುದೇ ಅದರ ಉದ್ದೇಶ.

ಹೆಜ್ಜೆ 4: ಕರಾರು ಆಗದೆ ಕುಂಚ ಎತ್ತಬೇಡಿ

ಬಹಳ ಕಲಾವಿದರಿಗೆ ಈ ಹೆಜ್ಜೆ ಬೇಸರ ತರಿಸುತ್ತದೆ. ಮಾಲೀಕರು ಒಳ್ಳೆಯವರು, ಬಾಯಿಮಾತು ಸಾಕು ಎಂದುಕೊಂಡು ಒಳಗೆ ಹೋಗುತ್ತಾರೆ. ಕಸ ಹೊತ್ತು, ಗಾಜು ಹಾಕಿಸಿ, ನೀರು ಎಳೆಸಿ, ಊರಿಗೆಲ್ಲ ಜಾಗದ ಹೆಸರು ತಿಳಿಯುವಂತೆ ಮಾಡುತ್ತಾರೆ. ಆಮೇಲೆ ಕಟ್ಟಡ ಬೇರೆಯವರಿಗೆ ಮಾರಾಟವಾಗುತ್ತದೆ. ಆ ಬಾಯಿಮಾತು ಹೊಸ ಮಾಲೀಕರನ್ನು ಕಟ್ಟಿಹಾಕುವುದಿಲ್ಲ.

ಮೊದಲು ಕಟ್ಟಡ ಯಾರದ್ದು, ಅದರ ಮೇಲೆ ಸಾಲವಿದೆಯೇ, ವ್ಯಾಜ್ಯವಿದೆಯೇ, ಆ ವಲಯದಲ್ಲಿ ಯಾವ ಬಳಕೆಗೆ ಅನುಮತಿಯಿದೆ ಎಂದು ದಾಖಲೆಗಳಿಂದ ತಿಳಿದುಕೊಳ್ಳಿ. ಆಮೇಲೆ ನಿಮಗೆ ಎಂಥ ಕರಾರು ಬೇಕೆಂದು ನಿರ್ಧರಿಸಿ.

ಜಾಗವನ್ನು ಸ್ವಲ್ಪ ಕಾಲ ಬಳಸಿ ನೋಡುವುದಷ್ಟೇ ಉದ್ದೇಶವಾದರೆ ಚಿಕ್ಕ ಅವಧಿಯ ಪರವಾನಗಿ ಸಾಕು. ಆಸ್ಟ್ರೇಲಿಯಾದ ನ್ಯೂಕಾಸಲ್‌ನಲ್ಲಿ 2008ರಲ್ಲಿ ಶುರುವಾದ ‘ರಿನ್ಯೂ ನ್ಯೂಕಾಸಲ್’ ಖಾಲಿ ಅಂಗಡಿಗಳನ್ನು ಕಲಾವಿದರಿಗೆ, ಕುಶಲಕರ್ಮಿಗಳಿಗೆ 30 ದಿನಗಳ ಕರಾರಿನಲ್ಲಿ ಕೊಡುತ್ತಿತ್ತು. ಕರಾರು ತಿಂಗಳು ತಿಂಗಳು ಮುಂದುವರಿಯುತ್ತಿತ್ತು. ಬಾಡಿಗೆದಾರ ಸಿಕ್ಕರೆ ಜಾಗ ಬಿಡಬೇಕು. ಷರತ್ತು ಸ್ಪಷ್ಟವಾಗಿದ್ದುದರಿಂದಲೇ ಮಾಲೀಕರಿಗೆ ಭಯವಿರಲಿಲ್ಲ. ಆದರೆ ಇಂಥ ಕರಾರಿನ ಮೇಲೆ ದೊಡ್ಡ ದುರಸ್ತಿಗೆ ಕೈ ಹಾಕಬಾರದು. ಹೋಗುವಾಗ ಹೊತ್ತೊಯ್ಯಬಹುದಾದಷ್ಟನ್ನೇ ಒಳಗೆ ತನ್ನಿ.

ಕಟ್ಟಡದ ಮೇಲೆ ನಿಜವಾಗಿ ಹಣ ಮತ್ತು ಬೆವರು ಸುರಿಯುವುದಾದರೆ ದೀರ್ಘಾವಧಿಯ ನೋಂದಾಯಿತ ಗುತ್ತಿಗೆ ಬೇಕು. ಅದರಲ್ಲಿ ಈ ಸಂಗತಿಗಳು ಇರಲೇಬೇಕು: ಛಾವಣಿ ಮತ್ತು ಅಡಿಪಾಯದ ದುರಸ್ತಿ ಯಾರ ಹೊಣೆ; ಬಾಡಿಗೆ ಯಾವ ಲೆಕ್ಕದಲ್ಲಿ, ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ; ಕಟ್ಟಡ ಮಾರಿದರೆ ಗುತ್ತಿಗೆ ಮುಂದುವರಿಯುತ್ತದೆಯೇ; ಮಾರುವಾಗ ಮೊದಲು ನಿಮ್ಮನ್ನು ಕೇಳಬೇಕೇ; ಅವಧಿಗೆ ಮುನ್ನ ಬಿಡಿಸಿದರೆ ನೀವು ಮಾಡಿಸಿದ ಕೆಲಸಕ್ಕೆ ಪರಿಹಾರವೆಷ್ಟು; ಕೋಣೆಗಳನ್ನು ಬೇರೆ ಕಲಾವಿದರಿಗೆ ಒಳಬಾಡಿಗೆಗೆ ಕೊಡಬಹುದೇ. ಕೊನೆಯದನ್ನು ಮರೆತು ಪೇಚಿಗೆ ಸಿಕ್ಕುವವರೇ ಹೆಚ್ಚು. ವಕೀಲರ ಶುಲ್ಕ ಉಳಿಸಲು ಹೋಗಬೇಡಿ.

ಎಲ್ಲಕ್ಕಿಂತ ಭದ್ರವಾದ ದಾರಿ ಎಂದರೆ ಕಟ್ಟಡವೇ ಟ್ರಸ್ಟ್, ಸಹಕಾರ ಸಂಘ ಅಥವಾ ಸಾರ್ವಜನಿಕ ಸಂಸ್ಥೆಯ ಒಡೆತನಕ್ಕೆ ಬರುವುದು. ನ್ಯೂಯಾರ್ಕಿನ ವೆಸ್ಟ್‌ಬೆತ್ ಇದಕ್ಕೆ ಒಳ್ಳೆಯ ನಿದರ್ಶನ. ಬೆಲ್ ಪ್ರಯೋಗಾಲಯಗಳಿದ್ದ ಆ ಕಟ್ಟಡಗಳ ಗುಚ್ಛವನ್ನು ವಾಸ್ತುಶಿಲ್ಪಿ ರಿಚರ್ಡ್ ಮೆಯರ್ ಕಲಾವಿದರ 384 ಮನೆಗಳಾಗಿ ಮಾರ್ಪಡಿಸಿದರು. 1970ರಲ್ಲಿ ಅದು ತೆರೆಯಿತು. ಲಾಭಕ್ಕಾಗಿ ನಡೆಸದ ಸಂಸ್ಥೆಯ ಕೈಯಲ್ಲಿರುವುದರಿಂದ, ಸುತ್ತಲಿನ ಮ್ಯಾನ್‌ಹಟನ್ ಎಷ್ಟೇ ದುಬಾರಿಯಾದರೂ ಅಲ್ಲಿನ ಬಾಡಿಗೆ ಕಲಾವಿದರ ಕೈಗೆಟುಕುವಂತೆ ಉಳಿದಿದೆ.

ಹೆಲ್ಸಿಂಕಿಯ ಕೇಬಲ್ ಕಾರ್ಖಾನೆಯ ಕಥೆ ನನಗೆ ಇದಕ್ಕಿಂತಲೂ ಇಷ್ಟ. ನೋಕಿಯಾ ಕಂಪನಿ 1980ರ ದಶಕದ ಕೊನೆಗೆ ಅಲ್ಲಿಂದ ತೆರವಾಗುತ್ತ ಜಾಗವನ್ನು ಕಲಾವಿದರಿಗೆ ಬಾಡಿಗೆಗೆ ಕೊಟ್ಟಿತು. ಕಟ್ಟಡವನ್ನು ತುಂಡು ಮಾಡಿ ಬೇರೆ ಬೇರೆ ಬಳಕೆಗೆ ಕೊಡುವ ಯೋಜನೆ ನಗರಾಡಳಿತದ್ದಾಗಿತ್ತು. ಬಾಡಿಗೆದಾರರು ‘ಪ್ರೊ ಕಾಪೆಲಿ’ ಎಂಬ ಸಂಘ ಕಟ್ಟಿಕೊಂಡರು. ವಿರೋಧಿಸಿ ಸುಮ್ಮನಾಗದೆ, ಕಟ್ಟಡವನ್ನು ಇಡಿಯಾಗಿ ಉಳಿಸಿ ನಡೆಸಬಹುದು ಎಂಬ ಪರ್ಯಾಯ ಯೋಜನೆಯನ್ನು ತಾವೇ ಮುಂದಿಟ್ಟರು. 1991ರಲ್ಲಿ ನಗರಾಡಳಿತ ಕಟ್ಟಡವನ್ನು ನೋಡಿಕೊಳ್ಳಲೆಂದೇ ಒಂದು ಕಂಪನಿ ಸ್ಥಾಪಿಸಿತು. ಬಾಡಿಗೆಯ ಆದಾಯದಲ್ಲೇ ಅದು ನಡೆಯುತ್ತ ಬಂದಿದೆ. ಆಡಳಿತದ ಮೇಜಿನ ಮೇಲೆ ದೂರಿನ ಪತ್ರಕ್ಕಿಂತ ನಕ್ಷೆ ಮತ್ತು ಲೆಕ್ಕದ ಹಾಳೆಗೆ ತೂಕ ಹೆಚ್ಚು.

ಹೆಜ್ಜೆ 5: ಒಂದು ಕೋಣೆಯಿಂದ ಶುರು ಮಾಡಿ

ಇಡೀ ಕಟ್ಟಡವನ್ನು ಒಮ್ಮೆಲೇ ಎತ್ತಿ ನಿಲ್ಲಿಸಲು ಹೊರಟವರು ಹಣ ಸಾಲದೆಯೋ ದಣಿದೋ ನಡುವೆಯೇ ನಿಂತುಬಿಡುತ್ತಾರೆ. ಗೇಟಿಗೆ ಹತ್ತಿರದ, ಸೋರದ, ಎರಡು ಬಾಗಿಲುಗಳಿರುವ ಒಂದು ಕೋಣೆಯನ್ನು ಆರಿಸಿಕೊಳ್ಳಿ. ಅಲ್ಲಿ ಕಾರ್ಖಾನೆಯ ಹಳೆಯ ಫೋಟೊ, ಹಾಜರಿ ಪುಸ್ತಕ, ಉಪಕರಣಗಳನ್ನು ಸುತ್ತಲಿನ ಮನೆಗಳಿಂದ ಎರವಲು ತಂದು ಮೊದಲ ಪ್ರದರ್ಶನ ಮಾಡಿ. ನಿಮ್ಮ ಸ್ವಂತ ಕಲಾಕೃತಿಗಳು ಎರಡನೆಯ ಸಲಕ್ಕಿರಲಿ. ತನ್ನ ತಂದೆಯ ಮುಖ ಗೋಡೆಯ ಮೇಲಿದೆ ಎಂದು ತಿಳಿದವರು ಮುಖ ತಿರುಗಿಸದೆ ಗೇಟಿನೊಳಗೆ ಬರುತ್ತಾರೆ.

ಹೆಜ್ಜೆ 6: ಹಣದ ಲೆಕ್ಕ

ಬಾಡಿಗೆ, ವಿಮೆ, ವಿದ್ಯುತ್, ನೀರು, ತೆರಿಗೆ, ಕಾವಲು, ದುರಸ್ತಿಗೆಂದು ಎತ್ತಿಡುವ ನಿಧಿ ಇವೆಲ್ಲವನ್ನೂ ಕೂಡಿಸಿ, ಬಾಡಿಗೆಗೆ ಕೊಡಬಹುದಾದ ಜಾಗದಿಂದ ಭಾಗಿಸಿ. ಪಡಸಾಲೆ, ಮೆಟ್ಟಿಲು, ಶೌಚಾಲಯದ ಜಾಗ ಇದರಲ್ಲಿ ಸೇರಬಾರದು. ಎಲ್ಲ ಕೋಣೆಗಳೂ ವರ್ಷವಿಡೀ ತುಂಬಿರುತ್ತವೆ ಎಂದೂ ನಂಬಬೇಡಿ. ಹತ್ತರಲ್ಲಿ ಎರಡು ಖಾಲಿಯಿದ್ದರೂ ನಡೆಯುವಂತಿರಬೇಕು ಲೆಕ್ಕ.

ಕಲಾವಿದರ ಬಾಡಿಗೆಯೊಂದರಿಂದಲೇ ದೊಡ್ಡ ಕಟ್ಟಡ ನಡೆಯುವುದು ಅಪರೂಪ. ಅಮೆರಿಕದ ನಾರ್ತ್ ಆಡಮ್ಸ್ ಎಂಬ ಪುಟ್ಟ ಊರಿನಲ್ಲಿ ಸ್ಪ್ರೇಗ್ ಎಲೆಕ್ಟ್ರಿಕ್ ಕಾರ್ಖಾನೆ 1985ರಲ್ಲಿ ಮುಚ್ಚಿತು. ಊರಿನ ಜೀವನಾಡಿಯೇ ನಿಂತಂತಾಯಿತು. ಆ ಆವರಣ ‘ಮಾಸ್ ಮೋಕಾ’ ಎಂಬ ಸಮಕಾಲೀನ ಕಲಾ ವಸ್ತುಸಂಗ್ರಹಾಲಯವಾಗಿ ತೆರೆದದ್ದು 1999ರಲ್ಲಿ. ಯೋಜನೆ ಹುಟ್ಟಿ ಬಾಗಿಲು ತೆರೆಯಲು ಹದಿಮೂರು ವರ್ಷ ಹಿಡಿಯಿತು. ಅಲ್ಲಿಯೂ ಕೆಲವು ಕಟ್ಟಡಗಳನ್ನು ವ್ಯಾಪಾರ ಸಂಸ್ಥೆಗಳಿಗೆ ಬಾಡಿಗೆಗೆ ಕೊಟ್ಟು ಆ ಆದಾಯವನ್ನು ಕಲೆಗೆ ಬಳಸುತ್ತಾರೆ. ನೀವೂ ರಸ್ತೆಗೆ ಮುಖ ಮಾಡಿದ ಕೋಣೆಗಳನ್ನು ಬಡಗಿ, ಮುದ್ರಣಾಲಯ, ದುರಸ್ತಿ ಅಂಗಡಿಗಳಿಗೆ ಕೊಡಬಹುದು. ಅವರೂ ಕೈಕೆಲಸದವರೇ.

ಕಟ್ಟಡವೇ ಬಂಡವಾಳವಾದದ್ದೂ ಉಂಟು. ಶಿಕಾಗೊದ ಕಲಾವಿದ ಥಿಯಾಸ್ಟರ್ ಗೇಟ್ಸ್ ಪಾಳುಬಿದ್ದಿದ್ದ 1923ರ ಬ್ಯಾಂಕ್ ಕಟ್ಟಡವೊಂದನ್ನು ನಗರಾಡಳಿತದಿಂದ ಒಂದು ಡಾಲರಿಗೆ ಕೊಂಡರು. ದುರಸ್ತಿಯ ಹಣವನ್ನು ಅವರೇ ಹೊಂದಿಸಬೇಕಿತ್ತು. ಅದೇ ಕಟ್ಟಡದ ಅಮೃತಶಿಲೆಯನ್ನು ಫಲಕಗಳಾಗಿ ಕತ್ತರಿಸಿ, ಬ್ಯಾಂಕಿನ ಬಾಂಡುಗಳಂತೆ ಕೆತ್ತಿಸಿ, ಒಂದೊಂದನ್ನು 5,000 ಡಾಲರಿಗೆ ಮಾರಿದರು. 2015ರಲ್ಲಿ ಅದು ‘ಸ್ಟೋನಿ ಐಲ್ಯಾಂಡ್ ಆರ್ಟ್ಸ್ ಬ್ಯಾಂಕ್’ ಎಂಬ ಹೆಸರಿನಲ್ಲಿ, ಕಪ್ಪು ಜನರ ಪುಸ್ತಕ, ಸಂಗೀತ, ಚಿತ್ರಗಳ ಭಂಡಾರವಾಗಿ ತೆರೆಯಿತು.

ಹೆಜ್ಜೆ 7: ಏನನ್ನು ಮುಟ್ಟಬಾರದು ಎಂದು ಮೊದಲು ತೀರ್ಮಾನಿಸಿ

ಲಂಡನ್ನಿನ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 1981ರಲ್ಲಿ ಮುಚ್ಚಿ, 2000ದಲ್ಲಿ ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯವಾಯಿತು. ಟರ್ಬೈನುಗಳಿದ್ದ ಭವ್ಯ ಹಜಾರವನ್ನು ವಾಸ್ತುಶಿಲ್ಪಿಗಳು ಅಂತಸ್ತುಗಳಿಂದ ತುಂಬಲಿಲ್ಲ, ಖಾಲಿಯಾಗಿಯೇ ಬಿಟ್ಟರು. ಇಂದು ಜನ ನೆನಪಿಟ್ಟುಕೊಳ್ಳುವುದು ಆ ಖಾಲಿಯನ್ನೇ. ಈಗ ಕಲಾತಾಣವಾಗಿರುವ ಬೀಜಿಂಗಿನ 798 ಕಾರ್ಖಾನೆಯ ಕಮಾನು ಛಾವಣಿಗಳ ಮೇಲೆ ಮಾವೊ ಕಾಲದ ಘೋಷಣೆಗಳು ಇನ್ನೂ ಉಳಿದಿವೆ. ಜಪಾನಿನ ಇನುಜಿಮಾ ದ್ವೀಪದಲ್ಲಿ ತಾಮ್ರ ಶುದ್ಧೀಕರಣ ಘಟಕವೊಂದು ಕೇವಲ ಹತ್ತು ವರ್ಷ ನಡೆದು 1919ರಲ್ಲಿ ಮುಚ್ಚಿತ್ತು. 2008ರಲ್ಲಿ ಅದು ಕಲಾ ಸಂಗ್ರಹಾಲಯವಾದಾಗ ಹಳೆಯ ಹೊಗೆಕೊಳವೆಯನ್ನು ಗಾಳಿ ಎಳೆಯಲು, ಲೋಹದ ಕಿಟ್ಟದಿಂದ ಮಾಡಿದ ಇಟ್ಟಿಗೆಗಳನ್ನು ಬಿಸಿ ಹಿಡಿದಿಡಲು ಬಳಸಿಕೊಂಡರು. ಬೇಡವಾದದ್ದು ಎಂದು ಎಸೆಯುವ ಮೊದಲು ಅದು ಯಾವ ಕೆಲಸ ಮಾಡುತ್ತಿತ್ತು ಎಂದು ಯೋಚಿಸಿ.

ಗೋಡೆಗೆ ಬಣ್ಣ ಬಳಿಯುವಾಗ ಇನ್ನೊಂದು ಎಚ್ಚರಿಕೆ. ಹಳೆಯ ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣ ಅಥವಾ ಖನಿಜ ಬಣ್ಣ ಬಳಸಿ.

ಹೆಜ್ಜೆ 8: ಬಾಗಿಲು ತೆರೆದಿಟ್ಟು ಕೆಲಸ ಮಾಡಿ

ವಾಷಿಂಗ್ಟನ್ ಹತ್ತಿರದ ಅಲೆಕ್ಸಾಂಡ್ರಿಯಾದಲ್ಲಿ ನೌಕಾಸ್ಫೋಟಕ ತಯಾರಿಸುತ್ತಿದ್ದ ಕಾರ್ಖಾನೆ 1974ರಲ್ಲಿ ಕಲಾಕೇಂದ್ರವಾಯಿತು. ಅಲ್ಲಿನ ಪದ್ಧತಿ ಸರಳ: ಕಲಾವಿದರು ಕೆಲಸ ಮಾಡುತ್ತಿರುವಾಗಲೇ ಜನ ಸ್ಟುಡಿಯೊಗಳಿಗೆ ಬರಬಹುದು, ನೋಡಬಹುದು, ಕೇಳಬಹುದು. ಮುಗಿದ ಕೃತಿಯ ಮುಂದೆ ಸಂಕೋಚಪಡುವವರು ಅರ್ಧ ಆಗಿರುವ ಕೆಲಸದ ಮುಂದೆ ಮಾತನಾಡುತ್ತಾರೆ. ಕೈಕೆಲಸ ಗೊತ್ತಿರುವ ಹಳೆಯ ಕಾರ್ಮಿಕರಂತೂ ಸಲಹೆಯನ್ನೂ ಕೊಡುತ್ತಾರೆ. ಜರ್ಮನಿಯ ಎಸ್ಸೆನ್‌ನಲ್ಲಿ 1986ರಲ್ಲಿ ಮುಚ್ಚಿದ ಸೊಲ್‌ಫರೈನ್ ಕಲ್ಲಿದ್ದಲು ಗಣಿ 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಬಂದವರಿಗೆ ಗಣಿಯನ್ನು ತೋರಿಸಿ ವಿವರಿಸುವವರಲ್ಲಿ ಹಿಂದೆ ಅಲ್ಲಿಯೇ ದುಡಿದವರೂ ಇದ್ದಾರೆ. ಇಂಥ ಕೆಲಸಕ್ಕೆ ಗೌರವಧನ ಕೊಡಿ. ನೆನಪನ್ನು ಬಿಟ್ಟಿಯಾಗಿ ಕೇಳಬಾರದು.

ಹೆಜ್ಜೆ 9: ಬೀದಿಗೆ ಬೆಲೆ ಬಂದಾಗ

ನಿಮ್ಮ ಕೆಲಸ ಯಶಸ್ವಿಯಾದರೆ ಸುತ್ತಲಿನ ಬಾಡಿಗೆ ಏರುತ್ತದೆ. ನಿಮಗೆ ದೀರ್ಘ ಗುತ್ತಿಗೆಯ ರಕ್ಷಣೆ ಇರಬಹುದು; ಎದುರುಸಾಲಿನ ಮನೆಯವರಿಗೆ ಇರುವುದಿಲ್ಲ. ಆರಂಭದ ದಿನದಿಂದಲೇ ಒಂದು ವಹಿ ಇಡಿ: ಸುತ್ತಲಿನ ಐವತ್ತು ಮನೆ, ಅಂಗಡಿಗಳ ಬಾಡಿಗೆ ಎಷ್ಟು, ಪ್ರತಿ ವರ್ಷ ಯಾರು ಉಳಿದರು, ಯಾರು ಬಿಟ್ಟುಹೋದರು. ಸ್ಥಳೀಯ ಆಡಳಿತದೊಡನೆ ಮಾತನಾಡುವಾಗ ಪ್ರವಾಸಿಗರ ಸಂಖ್ಯೆಯ ಜೊತೆಗೆ ಈ ವಹಿಯನ್ನೂ ಮುಂದಿಡಿ.

ಸಾಧ್ಯವಿದ್ದಲ್ಲಿ ನೆರೆಯವರ ಜೊತೆ ಸೇರಿ ಜಮೀನನ್ನೇ ಸಮುದಾಯದ ಟ್ರಸ್ಟಿಗೆ ತನ್ನಿ. ಲಿವರ್‌ಪೂಲಿನ ಗ್ರ್ಯಾನ್‌ಬಿ ಬೀದಿಗಳಲ್ಲಿ ನಿವಾಸಿಗಳು ಖಾಲಿ ಮನೆಗಳ ಮುಂದೆ ಗಿಡ ನೆಟ್ಟು, ಮುಚ್ಚಿದ ಕಿಟಕಿಗಳ ಮೇಲೆ ಚಿತ್ರ ಬರೆದು, ಕೊನೆಗೆ 2011ರಲ್ಲಿ ಸಮುದಾಯ ಭೂ ಟ್ರಸ್ಟ್ ಕಟ್ಟಿದರು. ‘ಅಸೆಂಬಲ್’ ಎಂಬ ತರುಣರ ತಂಡ ಆಮೇಲೆ ಅವರ ಜೊತೆಗೂಡಿತು. ಕೆಡವಿದ ಕಟ್ಟಡಗಳ ಕಲ್ಲುಮಣ್ಣಿನಿಂದ ಅಗ್ಗಿಷ್ಟಿಕೆಯ ಚೌಕಟ್ಟುಗಳನ್ನು ಎರಕ ಹೊಯ್ಯುವ ಕಾರ್ಯಾಗಾರವೂ ಅಲ್ಲಿ ಶುರುವಾಯಿತು. 2015ರಲ್ಲಿ ಈ ಕೆಲಸಕ್ಕೆ ಬ್ರಿಟನ್ನಿನ ಟರ್ನರ್ ಕಲಾ ಪ್ರಶಸ್ತಿ ಬಂತು. ಮನೆಗಳ ಬೆಲೆಯನ್ನು ಸ್ಥಳೀಯರ ಆದಾಯಕ್ಕೆ ಹೊಂದಿಸಿಡುವುದು ಅಲ್ಲಿನ ಟ್ರಸ್ಟಿನ ಕೆಲಸಗಳಲ್ಲೊಂದು.

ಹೆಜ್ಜೆ 10: ಬೇರೆಯವರ ಕೈಗೆ ಕೊಡಲು ಸಿದ್ಧವಾಗಿಡಿ

ಶುರು ಮಾಡಿದವರು ಒಂದಲ್ಲ ಒಂದು ದಿನ ದಣಿಯುತ್ತಾರೆ, ಬೇರೆಡೆಗೆ ಹೋಗುತ್ತಾರೆ. ಹೊಸ ವಿದ್ಯುತ್ ತಂತಿಗಳ ನಕ್ಷೆ, ಕಲ್ನಾರು ಪರೀಕ್ಷೆಯ ವರದಿ, ಗುತ್ತಿಗೆಯ ಪ್ರತಿ, ಮಳೆಗಾಲಕ್ಕೆ ಮುನ್ನ ಕಸ ತೆಗೆಯಬೇಕಾದ ಮೋರಿಗಳ ಪಟ್ಟಿ ಎಲ್ಲವೂ ಒಂದೇ ಪುಸ್ತಕದಲ್ಲಿರಲಿ. ಕೀಲಿಗಳ ಪಟ್ಟಿಯೂ ಅದರಲ್ಲಿರಲಿ: ಯಾವ ಬಾಗಿಲಿಗೆ ಯಾವುದು, ಯಾರ ಬಳಿ ಎಷ್ಟಿವೆ. ಗೇಟಿನ ಕೀಲಿಯ ಒಂದು ಪ್ರತಿಯನ್ನು ಎದುರುಮನೆಯವರ ಬಳಿ ಕೊಟ್ಟಿಡಿ.